ರಾಂಗ್ ನಂಬರ್ ಕೋಚ್‌ಗೆ ಮತ್ತೆ ಕೆಲಸ ಹೋಯಿತು! ಸ್ಟೇಟ್ ಮಂದಿ, ಓಲ್ ಮಿಸ್ ಮಂದಿ ಎಲ್ಲ ಬನ್ನಿ

ಗಂಟೆಗೌಡ · 3 ನವೆಂಬರ್ 2025

ನಿನ್ನೆ ಅಮೆರಿಕದ ಆಬರ್ನ್ ಯೂನಿವರ್ಸಿಟಿಯವರು ತಮ್ಮ ಅಮೆರಿಕನ್ ಫುಟ್‌ಬಾಲ್ ಕೋಚ್ ಹ್ಯೂ ಫ್ರೀಜ್‌ನನ್ನು ಮನೆಗೆ ಕಳಿಸಿದರು. ಶನಿವಾರ ಕೆಂಟಕಿ ಎದುರು 10–3ರಲ್ಲಿ ಸೋತರು, ಭಾನುವಾರ ಕೆಲಸ ಹೋಯಿತು. ಸುದ್ದಿ ನೋಡಿದ ಕೂಡಲೇ ಗ್ಯಾರೇಜಿಗೆ ಹೋಗಿ ನನ್ನ ಗಂಟೆ ಹುಡುಕಿದೆ.

ಹೊಸಬರಿಗೆ ಹೇಳಿಬಿಡುತ್ತೇನೆ. ನಾನು ಮಿಸಿಸಿಪ್ಪಿ ಸ್ಟೇಟ್‌ನಲ್ಲಿ ಎಂಎಸ್ ಮಾಡಿದವನು, 2014ರಿಂದ 16. ಸ್ಟಾರ್ಕ್‌ವಿಲ್‌ನಲ್ಲಿ ಫುಟ್‌ಬಾಲ್ ನೋಡಲು ಹೋಗುವವರು ಕೈಯಲ್ಲಿ ಹಸುವಿನ ಗಂಟೆ ಹಿಡಿದು ಹೋಗುತ್ತಾರೆ. ಮೇಲೆ ಸೈಕಲ್ ಹ್ಯಾಂಡಲ್‌ನ ಹಿಡಿ ಕೂರಿಸಿರುತ್ತಾರೆ, ಬಾರಿಸಲು ಸುಲಭ ಆಗಲಿ ಅಂತ. ನಮ್ಮ ಕಾಲೇಜುಗಳ ಲೀಗ್‌ನವರು 1974ರಲ್ಲಿ ಇದನ್ನು ಬ್ಯಾನ್ ಮಾಡಿದ್ದರು. 2010ರಿಂದ ಷರತ್ತು ಹಾಕಿ ಬಿಟ್ಟಿದ್ದಾರೆ. ನಮ್ಮಮ್ಮ ಮೊದಲ ಸಲ ಬಂದಾಗ ಓದುವ ಟೇಬಲ್ ಮೇಲೆ ಗಂಟೆ ನೋಡಿ, "ಇಷ್ಟು ದೂರ ಬಂದು ಹಸು ಕಟ್ಟಿದ್ದೀಯೇನೋ?" ಅಂದಿದ್ದರು.

ಆಬರ್ನ್‌ನಲ್ಲಿ ಅವನು ಹೋಗಿದ್ದು ಸೋತು. ಅದರಲ್ಲಿ ಮಜಾ ಏನಿಲ್ಲ, ಸೋತ ಕೋಚ್‌ಗಳು ದಿನಾ ಹೋಗುತ್ತಾರೆ. ನಾನು ಗಂಟೆ ಹುಡುಕಿದ್ದು 2017ರ ನೆನಪಿಗೆ. ಆಗ ಅವನು ನಮ್ಮ ಎದುರಾಳಿ ಕಾಲೇಜು ಓಲ್ ಮಿಸ್‌ನ ಕೋಚ್. ಅಲ್ಲಿ ಅವನನ್ನು ಇಳಿಸಿದ್ದು ಆಟ ಅಲ್ಲ, ಫೋನ್ ಬಿಲ್. ಆ ಬಿಲ್ ಕೂತು ಓದಿದ್ದು ನಮ್ಮವರು. ಮೈದಾನದಲ್ಲಿ ಗೆದ್ದ ಎಷ್ಟೋ ಆಟಗಳಿಗಿಂತ ಆ ಗೆಲುವೇ ನನಗೆ ದೊಡ್ಡದು. ಹೌದೋ ಅಲ್ಲವೋ ಹೇಳಿ.

ಟೈಡ್‌ತಿಮ್ಮ · 3 ನವೆಂಬರ್

ಹೌದು ಗುರು. ಬಾರಿಸು.

ಬಸವನಗುಡಿ ಬೌಲರ್ · 3 ನವೆಂಬರ್

ನಾನು ಕ್ರಿಕೆಟ್ ಮನುಷ್ಯ. ತಮ್ಮ ಆಬರ್ನ್‌ನಲ್ಲಿ ಓದುತ್ತಿದ್ದಾನೆ, ನಿನ್ನೆ ಫೋನಲ್ಲಿ ಇದೇ ಮಾತು, ಅದಕ್ಕೇ ಬಂದೆ. ಒಂದು ಪ್ರಶ್ನೆ. ಕಾಲೇಜು ಟೀಮಿನ ಕೋಚ್ ಅಂದರೆ ನಮ್ಮ ಪಿಟಿ ಮೇಷ್ಟ್ರು ತರಹ ಅಲ್ವಾ? ಅವರ ಕೆಲಸ ಹೋದರೆ ಇಷ್ಟೊಂದು ಗಲಾಟೆ ಯಾಕೆ? ಫೋನ್ ಬಿಲ್ ಕಥೆ ಏನು?

ವಾರ್‌ಈಗಲ್ ವಿಜಿ · 3 ನವೆಂಬರ್

ಪಿಟಿ ಮೇಷ್ಟ್ರು ಅಂದಿದ್ದಕ್ಕೆ ನಿಮಗೆ ಕೈ ಮುಗಿಯುತ್ತೇನೆ ಸಾರ್. ಆ ಪಿಟಿ ಮೇಷ್ಟ್ರಿಗೆ ನಾವು ವರ್ಷಕ್ಕೆ 6 ಮಿಲಿಯನ್ ಡಾಲರ್‌ಗೂ ಜಾಸ್ತಿ ಕೊಡುತ್ತಿದ್ದೆವು. ಈಗ ಮನೆಗೆ ಕಳಿಸಿದ್ದಕ್ಕೆ ಇನ್ನೂ 15 ಮಿಲಿಯನ್‌ಗೂ ಜಾಸ್ತಿ ಕೊಡಬೇಕು. ಮೂರು ಸೀಸನ್, 15 ಗೆಲುವು, 19 ಸೋಲು. ಲೆಕ್ಕ ನೀವೇ ಹಾಕಿ.

ಟೈಡ್‌ತಿಮ್ಮ · 3 ನವೆಂಬರ್

@ಬಸವನಗುಡಿ ಟಸ್ಕಲೂಸಾದಲ್ಲಿ ನಮ್ಮ ಅಲಬಾಮಾ ಯೂನಿವರ್ಸಿಟಿ ಸ್ಟೇಡಿಯಂಗೆ ಒಂದು ಲಕ್ಷ ಜನ ಹಿಡಿಯುತ್ತಾರೆ. ಚಿನ್ನಸ್ವಾಮಿಯ ಎರಡು ಪಟ್ಟಿಗೂ ಜಾಸ್ತಿ. ಅದೂ ಕಾಲೇಜು ಹುಡುಗರ ಆಟಕ್ಕೆ. ಈಗ ಗೊತ್ತಾಯಿತಾ ಗಲಾಟೆ ಯಾಕೆ ಅಂತ?

@ವಿಜಿ ನಾಲ್ಕನೇ ಡೌನ್, ಅಂದರೆ ಕೊನೆಯ ಅವಕಾಶ, 31 ಗಜ, ಆದರೂ ನಾವು ನಿಮ್ಮನ್ನು ಸೋಲಿಸಿದೆವು. ಮರೆತಿಲ್ಲ ತಾನೇ?

ವಾರ್‌ಈಗಲ್ ವಿಜಿ · 3 ನವೆಂಬರ್

ತಿಮ್ಮ, ಸುಮ್ನಿರು. 2023ರ ಗಾಯ ಇನ್ನೂ ಹಸಿ ಇದೆ.

ಗಂಟೆಗೌಡ · 3 ನವೆಂಬರ್

@ಬಸವನಗುಡಿ ಕಥೆ ಹೇಳುತ್ತೇನೆ, ಕಾಫಿ ಇಟ್ಟುಕೊಳ್ಳಿ.

ಮಿಸಿಸಿಪ್ಪಿ ರಾಜ್ಯದಲ್ಲಿ ಎರಡು ದೊಡ್ಡ ಕಾಲೇಜು. ಒಂದು ನಮ್ಮದು, ಮಿಸಿಸಿಪ್ಪಿ ಸ್ಟೇಟ್. ಮೊದಲಿಗೆ ಕೃಷಿ ಕಾಲೇಜು, ಅದಕ್ಕೇ ಹಸು, ಗಂಟೆ. ಇನ್ನೊಂದು ಆಕ್ಸ್‌ಫರ್ಡ್ ಊರಿನಲ್ಲಿ, ಯೂನಿವರ್ಸಿಟಿ ಆಫ್ ಮಿಸಿಸಿಪ್ಪಿ. ಎಲ್ಲರೂ ಓಲ್ ಮಿಸ್ ಅನ್ನುತ್ತಾರೆ. ಅವರು ಆಟದ ದಿನ ಮರದ ಕೆಳಗೆ ಟೆಂಟ್ ಹಾಕಿ, ಟೆಂಟಿನೊಳಗೆ ತೂಗುದೀಪ ನೇತುಹಾಕಿ, ಕೋಟು ಟೈ ಕಟ್ಟಿಕೊಂಡು ಕೋಳಿ ತಿನ್ನುವ ಜನ. ಇಬ್ಬರ ನಡುವೆ ಪ್ರತಿ ವರ್ಷ ಎಗ್ ಬೌಲ್ ನಡೆಯುತ್ತದೆ. 1926ರಲ್ಲಿ ಅವರು ನಮ್ಮೂರಲ್ಲಿ ಗೆದ್ದು ಗೋಲ್ ಕಂಬ ಕೀಳಲು ಹೋದರು. ನಮ್ಮವರು ಕುರ್ಚಿ ತೆಗೆದುಕೊಂಡು ಬಾರಿಸಿದರು. ಇದು ಹೀಗೇ ಬಿಟ್ಟರೆ ಆಗಲ್ಲ ಅಂತ 1927ರಿಂದ ಒಂದು ಟ್ರೋಫಿ ಇಟ್ಟರು. ಆಗಿನ ಚೆಂಡು ಈಗಿನದಕ್ಕಿಂತ ದುಂಡಗಿತ್ತು. ಚಿನ್ನದ ಬಣ್ಣದ ಆ ಚೆಂಡು ನೋಡಿದರೆ ಮೊಟ್ಟೆ ಇದ್ದ ಹಾಗೆ ಇದೆ. ಅದಕ್ಕೇ ಎಗ್.

ಫ್ರೀಜ್ ಓಲ್ ಮಿಸ್‌ಗೆ ಬಂದಿದ್ದು 2011ರ ಡಿಸೆಂಬರ್‌ನಲ್ಲಿ. ಅವನಿಗಿಂತ ಮೊದಲಿದ್ದ ಕೋಚ್ ಹ್ಯೂಸ್ಟನ್ ನಟ್. ಕೊನೆಯ ವರ್ಷ 2 ಗೆಲುವು, 10 ಸೋಲು, ಕಳಿಸಿದರು. ಫ್ರೀಜ್ ಬಂದಮೇಲೆ ದೇಶದ ಒಳ್ಳೊಳ್ಳೆ ಆಟಗಾರ ಹುಡುಗರೆಲ್ಲ ದಿಢೀರಂತ ಆಕ್ಸ್‌ಫರ್ಡ್‌ಗೆ ಬರತೊಡಗಿದರು. ಜನ ಹುಬ್ಬೇರಿಸಿದರು. ಆಗ ಅವನು ಟ್ವೀಟ್ ಮಾಡಿದ: ತಪ್ಪು ನಡೆದಿದೆ ಅಂತ ಸಾಕ್ಷಿ ಇದ್ದರೆ ಈ ವಿಳಾಸಕ್ಕೆ ಇಮೇಲ್ ಹಾಕಿ, ಇಲ್ಲವಾದರೆ ಹುಡುಗರ ಹೆಸರು ಕೆಡಿಸಬೇಡಿ. ಇಡೀ ಮಿಸಿಸಿಪ್ಪಿ ಸ್ಟೇಟ್ ಮಂದಿ ಅದನ್ನು ಕರೆಯೋಲೆ ಅಂತ ತೆಗೆದುಕೊಂಡಿತು.

ಕಾಲೇಜು ಕ್ರೀಡೆಯ ಮೇಲಿನ ಸಂಸ್ಥೆ ಎನ್‌ಸಿಎಎ. ಅವರು 2016ರ ಜನವರಿಯಲ್ಲಿ ನಿಯಮ ಮುರಿದ ಆರೋಪದ ಮೇಲೆ ಓಲ್ ಮಿಸ್‌ಗೆ ನೋಟಿಸ್ ಕೊಟ್ಟರು. ಆಗ ಓಲ್ ಮಿಸ್‌ನವರು ಪತ್ರಕರ್ತರ ಕಿವಿಯಲ್ಲಿ, "ಇದೆಲ್ಲ ಹೆಚ್ಚಾಗಿ ನಟ್ ಕಾಲದ ಗಲೀಜು" ಅಂತ ಊದಿದರು ಅನ್ನುವುದು ನಟ್ ಕಡೆಯವರ ಆರೋಪ. ನಟ್ ಕ್ಷಮೆ ಕೇಳಿ ಅಂದರು. ಇವರು ಕೇಳಲಿಲ್ಲ. 2017ರ ಜುಲೈ 12ರಂದು ನಟ್ ಕೇಸು ಹಾಕಿದರು. ಮಾರನೇ ದಿನ ಫ್ರೀಜ್ ಹೂವರ್‌ನಲ್ಲಿ ಲೀಗ್‌ನ ಎಲ್ಲ ಪತ್ರಕರ್ತರ ಎದುರು ನಿಲ್ಲಬೇಕಿತ್ತು. ಟೈಮಿಂಗ್ ನೋಡಿ.

ನಟ್ ಕಡೆಯ ಲಾಯರ್ ಥಾಮಸ್ ಮಾರ್ಸ್. ಫ್ರೀಜ್ ಯಾವ ಯಾವ ಪತ್ರಕರ್ತರಿಗೆ ಫೋನ್ ಮಾಡಿದ್ದ ಅಂತ ತೋರಿಸಲು ಅವರು ಯೂನಿವರ್ಸಿಟಿ ಫೋನಿನ ಪಟ್ಟಿ ಕೇಳಿ ಪಡೆದಿದ್ದರು. ಖಾಸಗಿ ಕರೆಗಳಿಗೆ ಮಸಿ ಬಳಿದು ಕೊಟ್ಟರು. ಒಂದು ಸಂಖ್ಯೆ ಮಾತ್ರ ಉಳಿದುಬಿಟ್ಟಿತು. 313ರಿಂದ ಶುರು, ಅಂದರೆ ಡೆಟ್ರಾಯಿಟ್. 2016ರ ಜನವರಿ 19, ಒಂದು ನಿಮಿಷ. ನಮ್ಮ ಟೀಮಿನ ಬಗ್ಗೆ ಬರೆಯುವ ಒಬ್ಬ ಪತ್ರಕರ್ತ ಆ ಪಟ್ಟಿ ಇಟ್ಟುಕೊಂಡು ಕೂತಿದ್ದ. ಯಾರಪ್ಪಾ ಇದು ಡೆಟ್ರಾಯಿಟ್‌ನವರು ಅಂತ ಸುಮ್ನೆ ಗೂಗಲ್ ಮಾಡಿದ. ಟ್ಯಾಂಪಾ ಕಡೆಯ ಎಸ್ಕಾರ್ಟ್ ಸೇವೆಯ ಜಾಹೀರಾತು ಬಂತು.

ಫ್ರೀಜ್ ಹೇಳಿದ್ದು: ನಾನು ಟ್ಯಾಂಪಾದಲ್ಲಿದ್ದೆ, ಅಲ್ಲಿಯ ಕೋಡ್ 813, ತಪ್ಪಿ 313 ಒತ್ತಿರಬೇಕು.

ರಾಂಗ್ ನಂಬರ್!

ಯೂನಿವರ್ಸಿಟಿಯವರು ಹಿಂದಿನ ಬಿಲ್‌ಗಳನ್ನೂ ತೆಗೆದು ನೋಡಿದರು. ಒಂದೇ ಸಲದ ತಪ್ಪಲ್ಲ, ಇಂಥದ್ದು ಮತ್ತೆ ಮತ್ತೆ ನಡೆದಿದೆ ಅಂದರು. ಜುಲೈ 20ರ ಸಂಜೆ ರಾಜೀನಾಮೆ. ದಿನಾ ಬೈಬಲ್ ವಾಕ್ಯ ಟ್ವೀಟ್ ಮಾಡುತ್ತಿದ್ದ ಮನುಷ್ಯ. ಕೇಸು ಹಾಕಿ ಎಂಟೇ ದಿನ.

ಆಕ್ಸ್‌ಫರ್ಡ್ ಅಕ್ಕ · 4 ನವೆಂಬರ್

ಬಂದೆ ಮಾರಾಯ. ಗಂಟೆ ಸದ್ದು ಕೇಳಿಯೇ ಬಂದೆ.

ನಾನು ಓಲ್ ಮಿಸ್‌ನಲ್ಲಿ ಫಾರ್ಮಸಿ ಪಿಎಚ್‌ಡಿ ಮಾಡಿದವಳು. ಆರು ವರ್ಷ ಆಕ್ಸ್‌ಫರ್ಡ್‌ನಲ್ಲಿ ಇದ್ದೆ. ಆ ಜುಲೈ 20ರ ಸಂಜೆಯೂ ಇದ್ದೆ. ನಮ್ಮ ಮನೆ ಓನರ್ ಒಬ್ಬ ಅಜ್ಜ, ಪಕ್ಕದ ಮನೆಯಲ್ಲೇ ಇದ್ದರು. ಅವರ ಫ್ರಿಜ್ ಮೇಲೆ ಫ್ರೀಜ್ ಫೋಟೊ ಅಂಟಿಸಿತ್ತು, ಪೇಪರಿನಿಂದ ಕತ್ತರಿಸಿದ್ದು. ಅವತ್ತು ಬಾಡಿಗೆ ಚೆಕ್ ಕೊಡಲು ಹೋಗಿದ್ದೆ. ಟಿವಿಯಲ್ಲಿ ಸುದ್ದಿ ಬರುತ್ತಾ ಇತ್ತು. ಅಜ್ಜ ಒಂದು ಮಾತೂ ಆಡಲಿಲ್ಲ. ಎದ್ದು ಹೋಗಿ ಹುಲ್ಲು ಕತ್ತರಿಸುವ ಮೆಷಿನ್ ಶುರು ಮಾಡಿದರು. ಕತ್ತಲಾಗುತ್ತಾ ಬಂದಿತ್ತು, ಹುಲ್ಲು ಎಲ್ಲಿ ಕತ್ತರಿಸಿದೆ ಎಲ್ಲಿ ಇಲ್ಲ ಅಂತ ಕಾಣಿಸುತ್ತಲೂ ಇರಲಿಲ್ಲ. ಅಜ್ಜಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಚೆಕ್ ಟೇಬಲ್ ಮೇಲೆ ಇಟ್ಟು ಬಂದೆ. ಮುಂದಿನ ತಿಂಗಳು ಹೋದಾಗ ಫ್ರಿಜ್ ಮೇಲೆ ಟೇಪಿನ ಗುರುತು ಮಾತ್ರ ಇತ್ತು.

ನೀನು ಗಂಟೆ ಬಾರಿಸಿದ್ದು ಯಾರ ಮೇಲೆ ಅಂತ ಹೇಳಿದೆ, ಅಷ್ಟೇ.

ಗಂಟೆಗೌಡ · 4 ನವೆಂಬರ್

ಅಕ್ಕಾ, ಅಜ್ಜನ ಮೇಲೆ ಅಲ್ಲ. ಆದರೆ ಆ ಅಜ್ಜನೂ ನಮ್ಮ ಮೇಲೆ ಕಡಿಮೆ ನಕ್ಕಿರಲಿಕ್ಕಿಲ್ಲ ಬಿಡಿ.

ಆಕ್ಸ್‌ಫರ್ಡ್ ಅಕ್ಕ · 4 ನವೆಂಬರ್

ಅದು ನಿಜ. ನಿಮ್ಮನ್ನು ಮನುಷ್ಯರ ಲೆಕ್ಕಕ್ಕೇ ಇಟ್ಟಿರಲಿಲ್ಲ ಅವರು.

ಕೋರ್ಟುಕಚೇರಿ · 4 ನವೆಂಬರ್

ಒಂದು ತಿದ್ದುಪಡಿ. ಮೇಲೆ ಕೆಲವರು "ಕೇಸಿನಲ್ಲಿ ಸಿಕ್ಕಿಬಿದ್ದ" ಅಂತ ಬರೆದಿದ್ದರು, ಈಗ ಅಳಿಸಿದ್ದಾರೆ. ಫ್ರೀಜ್ ಮೇಲೆ ಯಾವ ಪೊಲೀಸ್ ಕೇಸೂ ಆಗಲಿಲ್ಲ. ನಟ್ ಹಾಕಿದ ದಾವೆಯಲ್ಲೂ ಅವರು ಪ್ರತಿವಾದಿ ಅಲ್ಲ. ದಾವೆ ಇದ್ದದ್ದು ಯೂನಿವರ್ಸಿಟಿ, ಅದರ ಕ್ರೀಡಾ ಫೌಂಡೇಶನ್, ರಾಜ್ಯದ ಉನ್ನತ ಶಿಕ್ಷಣ ಮಂಡಳಿ, ಇವರ ಮೇಲೆ. ನಟ್‌ನನ್ನು ಕಳಿಸುವಾಗ ಮಾಡಿಕೊಂಡ ಒಪ್ಪಂದದಲ್ಲಿ, ಅವರ ಹೆಸರಿಗೆ ಮಸಿ ಬಳಿಯುವ ಮಾತು ಆಡಬಾರದು ಅನ್ನುವ ಷರತ್ತು ಇತ್ತು. ಅದನ್ನು ಮುರಿದಿರಿ ಅನ್ನುವುದಷ್ಟೇ ದೂರು.

ಇದರಲ್ಲಿ ನನಗೆ ತಮಾಷೆ ಅನಿಸುವುದು ಬೇರೆ. ಫೆಡರಲ್ ಕೋರ್ಟ್ ಈ ದಾವೆಯನ್ನು ಆಗಸ್ಟ್‌ನಲ್ಲೇ ವಾಪಸ್ ಕಳಿಸಿತು, ಇದು ಇಲ್ಲಿಗೆ ಬರುವ ಕೇಸಲ್ಲ ಅಂತ. ಮತ್ತೆ ರಾಜ್ಯದ ಕೋರ್ಟಿಗೆ ಹಾಕಿದರು. ಅಕ್ಟೋಬರ್‌ನಲ್ಲಿ ರಾಜಿ ಆಯಿತು. ಯೂನಿವರ್ಸಿಟಿ ಬರವಣಿಗೆಯಲ್ಲಿ ಕ್ಷಮೆ ಕೇಳಿತು. ಮೊದಲೇ ಕೇಳಿದ್ದರೆ ದಾವೆ ಇಲ್ಲ. ದಾವೆ ಇಲ್ಲದಿದ್ದರೆ ಆ ಫೋನ್ ಪಟ್ಟಿ ಯಾರ ಕೈಗೂ ಹೋಗುತ್ತಿರಲಿಲ್ಲ. ಒಂದು ಕ್ಷಮಾಪಣೆ ಪತ್ರ ಉಳಿಸಲು ಹೋಗಿ ಕೋಚ್‌ನನ್ನೂ ಕಳೆದುಕೊಂಡರು, ಕೊನೆಗೆ ಆ ಪತ್ರವನ್ನೂ ಕೊಟ್ಟರು.

ಮಾರ್ಸ್ ಸಾಹೇಬರು ಇಲ್ಲಿಗೇ ನಿಲ್ಲಲಿಲ್ಲ. ಓಲ್ ಮಿಸ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ ಮುಖ್ಯ ಆಟಗಾರ) ಶೇ ಪ್ಯಾಟರ್ಸನ್ ಮಿಶಿಗನ್ ಯೂನಿವರ್ಸಿಟಿಗೆ ಹೋಗುವಾಗ ಅವನ ಲಾಯರ್ ಕೂಡ ಅವರೇ.

ಬಸವನಗುಡಿ ಬೌಲರ್ · 4 ನವೆಂಬರ್

ಫೋನ್ ಪಟ್ಟಿ ಹೊರಗಿನವರಿಗೆ ಹೇಗೆ ಕೊಟ್ಟರು? ನಮ್ಮ ಆರ್‌ಟಿಐ ತರಹ ಏನಾದರೂ ಇದೆಯಾ?

ಕೋರ್ಟುಕಚೇರಿ · 4 ನವೆಂಬರ್

ಇದೆ. ಸರ್ಕಾರಿ ಯೂನಿವರ್ಸಿಟಿ, ಸರ್ಕಾರಿ ಫೋನು. ಮಿಸಿಸಿಪ್ಪಿಯಲ್ಲಿ ಸಾರ್ವಜನಿಕ ದಾಖಲೆ ಕಾಯ್ದೆ 1983ರಿಂದ ಇದೆ. ನಮ್ಮಲ್ಲೂ ಕೇಂದ್ರದ ಕಾಯ್ದೆ ಬರುವ ಮೊದಲೇ, 2000ದಲ್ಲಿ ಕರ್ನಾಟಕ ತನ್ನದೇ ಮಾಹಿತಿ ಹಕ್ಕಿನ ಕಾಯ್ದೆ ಮಾಡಿತ್ತು, ಜನ ಮರೆತಿದ್ದಾರೆ. ಕಾಯ್ದೆ ಎಲ್ಲ ಕಡೆ ಇರುತ್ತದೆ. ಅರ್ಜಿ ಹಾಕಿ, ಬಂದ ಕಾಗದವನ್ನು ಸಾಲು ಸಾಲು ಓದುವ ಹಟ ಬೇಕು. ಆ ಹಟ ಎದುರಾಳಿ ಟೀಮಿನವರಿಗೆ ಇರುವಷ್ಟು ಆಡಿಟರ್‌ಗೂ ಇರಲ್ಲ.

ಗಂಟೆಗೌಡ · 4 ನವೆಂಬರ್

ನಾನು ಹೇಳುತ್ತಿರುವುದೂ ಅದನ್ನೇ! ಅವರ ಕಾಲೇಜಿನಲ್ಲಿ ಅಷ್ಟು ಆಫೀಸು, ಅಷ್ಟು ಜನ. ಕರೆಯಾಗಿ ಒಂದೂವರೆ ವರ್ಷ ಕಳೆದಿತ್ತು. ಒಬ್ಬರೂ ನೋಡಲಿಲ್ಲ. ನಮ್ಮ ಕಡೆಯ ಒಬ್ಬ ಮನುಷ್ಯ ಕೂತು ನೋಡಿದ. ಅತ್ತೆ ಅಡುಗೆ ಡಬ್ಬ ತೆಗೆದು ನೋಡಿದ ಹಾಗೆ.

ನಿರ್ವಾಹಕ · 4 ನವೆಂಬರ್

ಕೋಚ್‌ನ ಹೆಂಡತಿ, ಮಕ್ಕಳ ಬಗ್ಗೆ ಬರೆದ ಮೂರು ಕಾಮೆಂಟ್ ತೆಗೆದಿದ್ದೇನೆ. ನಗುವುದಿದ್ದರೆ ಕೋಚ್ ಮೇಲೆ ನಗಿ. ಮನೆಯವರು ಯಾರಿಗೂ ಫೋನ್ ಮಾಡಿಲ್ಲ.

ಆಕ್ಸ್‌ಫರ್ಡ್ ಅಕ್ಕ · 5 ನವೆಂಬರ್

ಥ್ಯಾಂಕ್ಸ್ ನಿರ್ವಾಹಕರೇ.

ಈಗ ನನ್ನ ಸರದಿ. 2014ರ ಅಕ್ಟೋಬರ್ 4, ಅಲಬಾಮಾವನ್ನು 23–17ರಲ್ಲಿ ಸೋಲಿಸಿದ ದಿನ ನಾನು ಸ್ಟೇಡಿಯಂನಲ್ಲಿದ್ದೆ. ಜನ ಮೈದಾನಕ್ಕೆ ನುಗ್ಗಿದರು. ನಾನೂ ನುಗ್ಗಿದೆ. ಗೋಲ್ ಕಂಬ ಕಿತ್ತು ಹೆಗಲ ಮೇಲೆ ಹೊತ್ತು ಹೊರಗೆ ಮೆರವಣಿಗೆ ತೆಗೆದರು, ಊರ ಜಾತ್ರೆಯಲ್ಲಿ ತೇರು ಎಳೆದ ಹಾಗೆ. ನನ್ನ ಒಂದು ಚಪ್ಪಲಿ ಅಲ್ಲೇ ಹೋಯಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ಮನೆಗೆ ನಡೆದೆ, ಕಾಲಿಗೆ ನೋವೇ ಗೊತ್ತಾಗಲಿಲ್ಲ. ಎನ್‌ಸಿಎಎಯವರು ಆಮೇಲೆ ನಮ್ಮ 33 ಗೆಲುವುಗಳನ್ನು ಪುಸ್ತಕದಿಂದ ಅಳಿಸಿದರು. 2014ರದ್ದು ಹೆಚ್ಚುಕಮ್ಮಿ ಎಲ್ಲ ಹೋಯಿತು. ಸರಿ, ಅಳಿಸಿ. ಚಪ್ಪಲಿ ಕೊಡುತ್ತಾರಾ?

ಎರಡು ವರ್ಷ ಬೌಲ್ ಆಟಕ್ಕೆ, ಅಂದರೆ ಸೀಸನ್ ಕೊನೆಯ ವಿಶೇಷ ಆಟಕ್ಕೆ, ಹೋಗುವಂತಿಲ್ಲ ಅಂದರು. ಶಿಕ್ಷೆ ಯಾರಿಗೆ? ತಪ್ಪು ನಡೆದಾಗ ಇನ್ನೂ ಹೈಸ್ಕೂಲಲ್ಲಿದ್ದ ಹುಡುಗರಿಗೆ. ಅಷ್ಟು ದೊಡ್ಡ ತಪ್ಪಾದರೂ ಏನು? ಹುಡುಗರಿಗೆ ದುಡ್ಡು, ಬಟ್ಟೆ, ಕಾರು ಕೊಟ್ಟಿದ್ದು. ನಮ್ಮ ಆಟಗಾರ ಲಾರೆಮಿ ಟನ್ಸಿಲ್ ನೆನಪಿದೆಯಾ? 2016ರ ಡ್ರಾಫ್ಟ್ ದಿನ, ವೃತ್ತಿಪರ ಟೀಮುಗಳು ಕಾಲೇಜು ಹುಡುಗರನ್ನು ಆರಿಸಿಕೊಳ್ಳುವ ದಿನ, ಅವನ ಖಾತೆ ಹ್ಯಾಕ್ ಆಗಿ, ಗ್ಯಾಸ್ ಮಾಸ್ಕ್ ಹಾಕಿಕೊಂಡು ಗಾಂಜಾ ಸೇದುವ ವಿಡಿಯೊ ಬಂತು. ಅದೇ ರಾತ್ರಿ ಇನ್ನೊಂದು ಬಂತು, ಬಾಡಿಗೆ ಕಟ್ಟಬೇಕು, ಅಮ್ಮನ ಕರೆಂಟ್ ಬಿಲ್ ಕಟ್ಟಬೇಕು ಅಂತ ಅವನು ಕಾಲೇಜಿನವರನ್ನು ಕೇಳಿದ ಮೆಸೇಜು. ಜನ ವಿಡಿಯೊ ನೋಡಿ ನಕ್ಕರು. ನಾನು ಕರೆಂಟ್ ಬಿಲ್ ಓದಿ ಸುಮ್ಮನಾದೆ. ಅಮ್ಮನ ಕರೆಂಟ್ ಬಿಲ್ ಕಟ್ಟುವುದು ಅಪರಾಧ ಅನ್ನುವ ಆಟ ಎಂಥದ್ದು?

ಈಗ ನೋಡಿ. 2021ರಿಂದ ಹುಡುಗರು ಜಾಹೀರಾತಿನ ದುಡ್ಡು ತೆಗೆದುಕೊಳ್ಳಬಹುದು. 2025ರಿಂದ ಕಾಲೇಜೇ ನೇರವಾಗಿ ಕೊಡಬಹುದು, ಮೊದಲ ವರ್ಷ ಒಂದೊಂದು ಕಾಲೇಜಿಗೆ 20.5 ಮಿಲಿಯನ್ ಡಾಲರ್ ತನಕ. ನಾವು ಏಳೆಂಟು ವರ್ಷ ಮುಂಚೆ ಹುಟ್ಟಿದ್ದೇ ತಪ್ಪಾಯಿತು.

(ಗಾಂಜಾ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಅಮೆರಿಕ ಸರ್ಕಾರದ ಸಂಶೋಧನೆಗೆ ಗಾಂಜಾ ಬೆಳೆಯುವ ತೋಟ ಇರುವುದು ನಮ್ಮ ಫಾರ್ಮಸಿ ಸ್ಕೂಲಿನಲ್ಲೇ, 1968ರಿಂದ. ನಾನು ಅದರ ಬೇಲಿ ಮಾತ್ರ ನೋಡಿದ್ದೇನೆ.)

ಟೈಡ್‌ತಿಮ್ಮ · 5 ನವೆಂಬರ್

ಆ ಚಪ್ಪಲಿ ನಮ್ಮ ಶಾಪ ಅಕ್ಕ. 2015ರಲ್ಲಿ ನಮ್ಮೂರಿಗೇ ಬಂದು 43–37ರಲ್ಲಿ ಮತ್ತೆ ಸೋಲಿಸಿದಿರಿ. ನಮ್ಮ ಆಗಿನ ಕೋಚ್ ಸೇಬನ್‌ನನ್ನು ಎರಡು ವರ್ಷ ಬೆನ್ನುಬೆನ್ನಿಗೆ ಸೋಲಿಸಿದವನು ಅಂತ ಆಬರ್ನ್‌ನವರು ಫ್ರೀಜ್‌ನನ್ನು ಕರೆದುಕೊಂಡರು. ಬಂದು ಮೂರು ಸೀಸನ್ ಆಯಿತು, ಒಂದು ಸಲವೂ ನಮ್ಮನ್ನು ಗೆಲ್ಲಲಿಲ್ಲ. ದೇವರು ದೊಡ್ಡವನು.

ವಾರ್‌ಈಗಲ್ ವಿಜಿ · 5 ನವೆಂಬರ್

ದುಡ್ಡಿನ ವಿಷಯದಲ್ಲಿ ಓಲ್ ಮಿಸ್‌ನವರು ನಮಗಿಂತ ಜಾಣರು. 2017ರಲ್ಲಿ ಒಂದು ಪೈಸೆ ಪರಿಹಾರ ಕೊಡಲಿಲ್ಲ. ನಡತೆ ಷರತ್ತು ಇದೆ, ರಾಜೀನಾಮೆ ಕೊಡು, ಇಲ್ಲವಾದರೆ ಕಿತ್ತುಹಾಕುತ್ತೇವೆ ಅಂದರು. ನಮ್ಮಲ್ಲಿ ಸುಮ್ಮನೆ ಸೋತ. ಸೋತರೆ 15 ಮಿಲಿಯನ್, ಫೋನ್ ಮಾಡಿದರೆ ಸೊನ್ನೆ. ನಾಲ್ಕು ಸೋಲಿನ ಬದಲು ಒಂದು ಫೋನ್ ಮಾಡಿದ್ದರೆ ನಮಗೆ ಎಷ್ಟು ಉಳಿಯುತ್ತಿತ್ತು ಅಂತ ನಿನ್ನೆಯಿಂದ ಇಲ್ಲಿ ಎಲ್ಲರೂ ಇದೇ ಜೋಕ್.

ಅವನನ್ನು ಯಾಕೆ ಕರೆತಂದಿರಿ ಅಂತ ಕೇಳಬೇಡಿ. ನಮ್ಮಲ್ಲಿಗೆ ಬರುವ ಮೊದಲು ಲಿಬರ್ಟಿ ಯೂನಿವರ್ಸಿಟಿಯಲ್ಲಿದ್ದಾಗ ಮೊದಲ ಆಟಕ್ಕೆ ಬೆನ್ನು ನೋವು ಅಂತ ಆಸ್ಪತ್ರೆ ಮಂಚದ ಮೇಲೆ ಮಲಗಿ ಮೇಲಿನ ರೂಮಿನಿಂದ ಕೋಚಿಂಗ್ ಮಾಡಿದ್ದ. ಇಷ್ಟು ಹಟ ಇರುವವನು ನಮಗೆ ಬೇಕು ಅಂತ ನಾನೇ ಇಲ್ಲಿ ಬರೆದಿದ್ದೆ. ಹುಡುಕಿ ತೆಗೆಯಬೇಡಿ ದಯವಿಟ್ಟು.

ಗಂಟೆಗೌಡ · 5 ನವೆಂಬರ್

@ಅಕ್ಕ ಕರೆಂಟ್ ಬಿಲ್ ಮಾತು ಒಪ್ಪುತ್ತೇನೆ. ನಿಜಕ್ಕೂ. ಆದರೆ ಆಗ ನಿಯಮ ಎಲ್ಲರಿಗೂ ಒಂದೇ ಇತ್ತು. ನಿಯಮ ಪಾಲಿಸಿದ ಟೀಮು ಸೋಲಬೇಕು, ಮುರಿದವರು ಕಂಬ ಹೊತ್ತು ಕುಣಿಯಬೇಕು, ಇದು ಯಾವ ನ್ಯಾಯ?

ಆಕ್ಸ್‌ಫರ್ಡ್ ಅಕ್ಕ · 5 ನವೆಂಬರ್

ನಿಯಮ ಪಾಲಿಸಿದ ಟೀಮಾ? ಗೌಡಾ, 2019ರ ಆಗಸ್ಟ್ ಸ್ವಲ್ಪ ನೆನಪು ಮಾಡಿಕೊ. ನಿಮ್ಮ ಹತ್ತು ಜನ ಫುಟ್‌ಬಾಲ್ ಹುಡುಗರು, ಒಬ್ಬ ಬಾಸ್ಕೆಟ್‌ಬಾಲ್ ಹುಡುಗ. ಅವರ ಆನ್‌ಲೈನ್ ಕೆಮಿಸ್ಟ್ರಿ ಪರೀಕ್ಷೆ ಬರೆದದ್ದು ಯಾರು? ಟ್ಯೂಟರ್! ನಮ್ಮ ಹುಡುಗರು ದುಡ್ಡು ತೆಗೆದುಕೊಂಡರೂ ಪರೀಕ್ಷೆ ತಾವೇ ಬರೆದರು. ನಾನು ಟಿಎ (ಪಾಠದ ಸಹಾಯಕಿ) ಆಗಿದ್ದೆ, ಅವರ ಉತ್ತರ ಪತ್ರಿಕೆ ತಿದ್ದಿದ್ದೇನೆ. ಅಷ್ಟು ಕೆಟ್ಟದಾಗಿ ಬೇರೆಯವರು ಬರೆಯಲು ಸಾಧ್ಯವೇ ಇಲ್ಲ.

ಟೈಡ್‌ತಿಮ್ಮ · 5 ನವೆಂಬರ್

ಗೌಡ್ರ ಗಂಟೆ ಬಿರುಕು ಬಿಟ್ಟಿತು.

ಕೋರ್ಟುಕಚೇರಿ · 5 ನವೆಂಬರ್

ಅಕ್ಕ, ನೀವೂ ಒಂದು ವಿಷಯ ಜಾರಿಸಿದಿರಿ. 2010ರಲ್ಲಿ ಪ್ರವೇಶ ಪರೀಕ್ಷೆ ಅಂಕಗಳಲ್ಲೇ ಮೋಸ ಮಾಡಿಸಿದ ಆರೋಪ ನಿಮ್ಮ ನಟ್ ಕಾಲದ ಸಹಾಯಕ ಕೋಚ್ ಮೇಲೆ ಸಾಬೀತಾಗಿದೆ. ನಟ್ ಕಾಲದ ತಪ್ಪು ಕೆಲವಾದರೂ ಇತ್ತು. ಹೆಚ್ಚಿನವು ಫ್ರೀಜ್ ಕಾಲದವು, ಅದನ್ನೇ ತಲೆಕೆಳಗು ಮಾಡಿ ಹೇಳಲು ಹೋಗಿ ಇಷ್ಟೆಲ್ಲ ಆಗಿದ್ದು.

ಆಕ್ಸ್‌ಫರ್ಡ್ ಅಕ್ಕ · 5 ನವೆಂಬರ್

ಲಾಯರ್ ಸಾರ್, ನೀವು ಯಾರ ಕಡೆ?

ಕೋರ್ಟುಕಚೇರಿ · 5 ನವೆಂಬರ್

ನಾನು ನ್ಯೂಜೆರ್ಸಿಯ ರಟ್ಗರ್ಸ್ ಕಾಲೇಜಿನ ಕಡೆ. ನಮ್ಮನ್ನು ದ್ವೇಷಿಸುವಷ್ಟು ಯಾರೂ ನಮ್ಮನ್ನು ನೋಡುವುದಿಲ್ಲ.

ಬಸವನಗುಡಿ ಬೌಲರ್ · 6 ನವೆಂಬರ್

ನನಗೆ ಈಗ ಈ ಎಗ್ ಬೌಲ್ ನೋಡಬೇಕು ಅನಿಸುತ್ತಿದೆ. ಯಾವಾಗ? ಒಂದು ಹಳೆಯ ಆಟ ಹೇಳಿ, ಯೂಟ್ಯೂಬಲ್ಲಿ ನೋಡುತ್ತೇನೆ.

ಗಂಟೆಗೌಡ · 6 ನವೆಂಬರ್

28ನೇ ತಾರೀಕು, ಶುಕ್ರವಾರ, ಸ್ಟಾರ್ಕ್‌ವಿಲ್‌ನಲ್ಲಿ. ಹಳೆಯದು ಅಂದರೆ 2019. ಕೊನೆಯ 4 ಸೆಕೆಂಡ್ ಇರುವಾಗ ಓಲ್ ಮಿಸ್ ಹುಡುಗ ಟಚ್‌ಡೌನ್ ಮಾಡಿದ. ಒಂದು ಪಾಯಿಂಟ್ ಕಿಕ್ ಹೊಡೆದರೆ ಸಮ. ಖುಷಿಗೆ ಅವನು ನಾಯಿ ಹಾಗೆ ನಾಲ್ಕು ಕಾಲಲ್ಲಿ ನಡೆದು, ಒಂದು ಕಾಲೆತ್ತಿ ತೋರಿಸಿದ. ದಂಡ 15 ಗಜ. ಕಿಕ್ ದೂರದಿಂದ ಹೊಡೆಯಬೇಕಾಯಿತು, ಆಚೆ ಹೋಯಿತು. 21–20, ನಾವು ಗೆದ್ದೆವು. ಅವರ ಕೋಚ್ ಮ್ಯಾಟ್ ಲ್ಯೂಕ್ ಕೆಲಸ ಮೂರೇ ದಿನದಲ್ಲಿ ಹೋಯಿತು. ಫ್ರೀಜ್ ಹೋದಮೇಲೆ ಬಂದವನು ಅವನೇ.

ಆಕ್ಸ್‌ಫರ್ಡ್ ಅಕ್ಕ · 6 ನವೆಂಬರ್

ಆ ನಾಯಿ ಕಾಲೆತ್ತಿದ್ದಕ್ಕೇ ನಮಗೆ ಹೊಸ ಕೋಚ್ ಲೇನ್ ಕಿಫಿನ್ ಸಿಕ್ಕಿದ್ದು. ನಾನು ಆ ಹುಡುಗನಿಗೆ ಚಿರಋಣಿ.

ವಾರ್‌ಈಗಲ್ ವಿಜಿ · 6 ನವೆಂಬರ್

ಕಿಫಿನ್ ಪೆಟ್ಟಿಗೆ ಕಟ್ಟುತ್ತಿದ್ದಾನೆ ಅಂತ ಊರೆಲ್ಲ ಗುಸುಗುಸು.

ಆಕ್ಸ್‌ಫರ್ಡ್ ಅಕ್ಕ · 6 ನವೆಂಬರ್

ಸುಮ್ನೆ ಹೊಟ್ಟೆಕಿಚ್ಚು.

ಆಕ್ಸ್‌ಫರ್ಡ್ ಅಕ್ಕ · 28 ನವೆಂಬರ್

38–19, ನಾವು ಗೆದ್ದೆವು. ಕೊನೆಕೊನೆಗೆ ಗಂಟೆ ಕೇಳಿಸಲೇ ಇಲ್ಲ ಗೌಡಾ, ಟಿವಿ ಕೆಟ್ಟಿದೆಯಾ ಅಂತ ನೋಡಿದೆ.

ಬಸವನಗುಡಿ ಬೌಲರ್ · 29 ನವೆಂಬರ್

ನಿದ್ದೆಗೆಟ್ಟು ನೋಡಿದೆ. ನಿಯಮ ಅರ್ಧ ಅರ್ಥವಾಯಿತು. ಗಂಟೆ ಪೂರ್ತಿ ಅರ್ಥವಾಯಿತು.

ಟೈಡ್‌ತಿಮ್ಮ · 30 ನವೆಂಬರ್

ಕಿಫಿನ್ ಎಲ್‌ಎಸ್‌ಯುಗೆ (ಲೂಸಿಯಾನಾ ಸ್ಟೇಟ್) ಹೊರಟ!! ಸೀಸನ್ ಕೊನೆಯ ಪ್ಲೇಆಫ್ ಆಟಗಳಿಗೂ ಇರಲ್ಲ. ಗೌಡ್ರೇ, ಎಲ್ಲಿದ್ದೀರಿ?

ಗಂಟೆಗೌಡ · 30 ನವೆಂಬರ್

ಅಕ್ಕಾ…

ಆಕ್ಸ್‌ಫರ್ಡ್ ಅಕ್ಕ · 30 ನವೆಂಬರ್

ಬಾರಿಸು ಮಾರಾಯ. ಒಂದೇ ಸಲ.

ಗಂಟೆಗೌಡ · 30 ನವೆಂಬರ್

ಮಗಳು ಈಗಷ್ಟೇ ಮಲಗಿದ್ದಾಳೆ. ನಾಳೆ ಬೆಳಿಗ್ಗೆ ನೋಡೋಣ. ಅಜ್ಜ ಹೇಗಿದ್ದಾರೆ, ಫೋನ್ ಮಾಡಿದ್ದಿರಾ?

ಆಕ್ಸ್‌ಫರ್ಡ್ ಅಕ್ಕ · 30 ನವೆಂಬರ್

ಮಾಡಿದೆ. ಅಜ್ಜಿ ತೆಗೆದರು. ಹೊರಗೆ ಎಲೆ ಗುಡಿಸುತ್ತಿದ್ದಾರಂತೆ.